ಮರಿಯಾ ಸಬೀನಾ: ರಾತ್ರಿಯಿಡೀ ಎಚ್ಚರವಿದ್ದ ಅಜ್ಜಿ

ಪ್ರತಿ ಸಂಚಿಕೆಗೂ ಒಬ್ಬರ ಬದುಕನ್ನು ಪರಿಚಯಿಸುವುದು ನಮ್ಮ ರೂಢಿ. ಈ ಸಲವೂ ಯಾರಾದರೂ ವಿಜ್ಞಾನಿಯೋ ಎಂಜಿನಿಯರೋ ಇರಲಿ ಅಂದುಕೊಂಡಿದ್ದೆವು. ಅಷ್ಟರಲ್ಲಿ ನಮ್ಮಲ್ಲೊಬ್ಬರ ಫೋನಿಗೆ ಒಂದು ಜಾಹೀರಾತು ಬಂತು. ಬೆಟ್ಟದ ಮೇಲೊಂದು ರೆಸಾರ್ಟು, ಎರಡು ರಾತ್ರಿ, ಸೈಕೆಡೆಲಿಕ್ ಕೋಚಿಂಗ್, ಒತ್ತಡ ಮಾಯ, ಬದುಕಿನ ಗುರಿ ಸ್ಪಷ್ಟ. ಫೀಸು ದಪ್ಪ ಅಕ್ಷರದಲ್ಲಿತ್ತು. ಕೋಚ್ ಏನು ಓದಿಕೊಂಡವರು, ನಡುರಾತ್ರಿ ಯಾರಿಗಾದರೂ ಹೆಚ್ಚುಕಮ್ಮಿಯಾದರೆ ಏನು ಮಾಡ್ತಾರೆ ಅನ್ನುವುದು ಮಾತ್ರ ಎಲ್ಲೂ ಇರಲಿಲ್ಲ.

ಇಂಥ ಕೆಲಸಕ್ಕೆ ನಿಯಮ ಅಂತ ಏನಾದರೂ ಇದೆಯಾ ಅಂತ ಹುಡುಕುತ್ತಾ ಹೋದೆವು. ಇದೆ. ಅಮೆರಿಕದ ಒರೆಗಾನ್ ರಾಜ್ಯದ ಕಾನೂನಿನವರೆಗೆ ಹೋದೆವು. ಅಲ್ಲಿಂದ ಹಿಂದೆ ಹಿಂದೆ ಹೋದಾಗ ನಮಗೆ ಸಿಕ್ಕವರು ಮೆಕ್ಸಿಕೋದ ಒಂದು ಗುಡ್ಡಗಾಡಿನ ಅಜ್ಜಿ, ಮರಿಯಾ ಸಬೀನಾ. ಓದು ಬರಹ ಬಾರದವರು. ಕೋಚಿಂಗ್ ಅನ್ನುವ ಪದವನ್ನೇ ಕೇಳದವರು. ಆದರೆ ಇಂದು ಕಾನೂನಿನಲ್ಲಿ ಬರೆದಿಟ್ಟಿರುವ ಹಲವು ಎಚ್ಚರಿಕೆಗಳನ್ನು ಅವರು ಬದುಕಿನುದ್ದಕ್ಕೂ ಪಾಲಿಸಿದ್ದರು. ಅವರ ವಿಷಯದಲ್ಲಿ ಹೊರಗಿನವರು ಯಾವ ನಿಯಮವನ್ನೂ ಪಾಲಿಸಲಿಲ್ಲ. ಹಾಗಾಗಿ ಈ ಸಲ ಅವರ ಕಥೆ.

ಹಸಿವಿನ ಬಾಲ್ಯ

ಮೆಕ್ಸಿಕೋದ ದಕ್ಷಿಣಕ್ಕೆ ಒಆಹಾಕಾ ರಾಜ್ಯ. ಅದರ ಉತ್ತರದ ಬೆಟ್ಟಗಳಲ್ಲಿ ಮಸಾಟೆಕ್ ಅನ್ನುವ ಮೂಲನಿವಾಸಿಗಳಿದ್ದಾರೆ. ಅಲ್ಲಿಯ ಮುಖ್ಯ ಊರು ವಾವ್ಟ್ಲಾ ದೆ ಹಿಮೆನೆಸ್. 1894ರ ಸುಮಾರಿಗೆ ಆ ಸೀಮೆಯಲ್ಲಿ ಸಬೀನಾ ಹುಟ್ಟಿದರು. ತಂದೆ ಕ್ರಿಸಾಂತೊ, ಮಗಳು ತೀರಾ ಚಿಕ್ಕವಳಿದ್ದಾಗಲೇ ತೀರಿಕೊಂಡರು. ತಾಯಿ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ತವರು ಸೇರಿದರು. ಅಲ್ಲಿ ಬಡತನವೋ ಬಡತನ. ಹೊಲದ ಕೆಲಸ, ರೇಷ್ಮೆಹುಳು ಸಾಕಣೆ, ಆಡು ಕಾಯುವುದು. ಶಾಲೆಯ ಮಾತೇ ಇಲ್ಲ. ಸ್ಪ್ಯಾನಿಷ್ ಕೂಡ ಬರುತ್ತಿರಲಿಲ್ಲ. ಕೊನೆಯವರೆಗೂ ಮಸಾಟೆಕ್ ಒಂದೇ ಭಾಷೆ.

ತಂದೆಯ ಕಡೆಯ ಅಜ್ಜ, ಮುತ್ತಜ್ಜ ಇಬ್ಬರೂ ಊರಿನಲ್ಲಿ ಬಲ್ಲವರು ಅನ್ನಿಸಿಕೊಂಡಿದ್ದರು. ಅಂದರೆ ಕಾಯಿಲೆಯವರಿಗಾಗಿ ರಾತ್ರಿ ಅಣಬೆ ತಿಂದು, ಹಾಡಿ, ಕಾಯಿಲೆಯ ಕಾರಣ ಹೇಳುತ್ತಿದ್ದವರು. ಬಾಲಕಿ ಸಬೀನಾ ಒಂದು ಸಲ ತಮ್ಮ ಸಂಬಂಧಿಕರೊಬ್ಬರಿಗೆ ಹೀಗೆ ಚಿಕಿತ್ಸೆ ನಡೆದಿದ್ದನ್ನು ಕಂಡಿದ್ದರು. ಆಮೇಲೆ ಗುಡ್ಡದಲ್ಲಿ ಆಡು ಕಾಯುವಾಗ ಅದೇ ಅಣಬೆ ಕಣ್ಣಿಗೆ ಬಿತ್ತು. ಅಕ್ಕತಂಗಿಯರಿಬ್ಬರೂ ಹಸಿವಿಗೆ ಕಿತ್ತು ತಿಂದರು. ಮುಂದೆ ಅದೇ ಅವರ ಬದುಕಾಯಿತು.

ಆ ಅಣಬೆಗಳು ಸಿಲೊಸೈಬೆ ಕುಲದವು. ಅವುಗಳಲ್ಲಿರುವ ಸಿಲೊಸೈಬಿನ್ ದೇಹದಲ್ಲಿ ಸಿಲೊಸಿನ್ ಆಗಿ ಬದಲಾಗಿ, ಮೆದುಳಿನಲ್ಲಿ ಸೆರೊಟೊನಿನ್ ಕೂರುವ ಕಡೆ ಹೋಗಿ ಕೂರುತ್ತದೆ. ನಾಲ್ಕಾರು ಗಂಟೆ ನೋಟ, ಕಾಲ, ನಾನು ಅನ್ನುವ ಭಾವ ಎಲ್ಲವೂ ಅಲುಗಾಡುತ್ತವೆ. ಮನಸ್ಸು ಯಾರು ಏನು ಹೇಳಿದರೂ ಒಪ್ಪುವಷ್ಟು ಮೆತ್ತಗಾಗಬಹುದು. ಈ ಲೇಖನದ ಉಳಿದ ಎಲ್ಲ ಮಾತಿಗೂ ಇದೇ ಬುಡ. ಅಂಥ ಹೊತ್ತಿನಲ್ಲಿ ಮನುಷ್ಯ ತನ್ನನ್ನು ತಾನು ಕಾಯ್ದುಕೊಳ್ಳಲಾರ. ಪಕ್ಕದಲ್ಲಿರುವವರು ಯಾರು ಅನ್ನುವುದೇ ಎಲ್ಲ.

ಸಬೀನಾಗೆ ಎಳೆಯ ವಯಸ್ಸಿನಲ್ಲೇ ಮದುವೆಯಾಯಿತು. ಗಂಡ ಸೆರಾಪಿಯೊ ಊರೂರಿಗೆ ಸರಕು ಹೊತ್ತು ಮಾರುವವನು. ಮೂರು ಮಕ್ಕಳಾದ ಮೇಲೆ ಕಾಯಿಲೆಯಿಂದ ತೀರಿಕೊಂಡ. ಎರಡನೇ ಗಂಡ ಮಾರ್ಸಿಯಾಲ್ ಕುಡುಕ, ಹೊಡೆಯುವವನು. ಅವನೂ ಜಗಳವೊಂದರಲ್ಲಿ ಸತ್ತ. ಸಂಸಾರವಿದ್ದಾಗ ಅಣಬೆ ಮುಟ್ಟಬಾರದು ಅನ್ನುವುದು ಅವರೇ ಹಾಕಿಕೊಂಡ ಕಟ್ಟು. ತಂಗಿ ಮರಿಯಾ ಆನಾ ಸಾಯುವ ಹಾಗಾದಾಗ ವಿಧವೆಯಾಗಿದ್ದ ಸಬೀನಾ ಅಣಬೆ ತಿಂದು ಜಾಗರಣೆ ಕೂತರು. ತಂಗಿ ಬದುಕಿದರು. ಆ ರಾತ್ರಿ ತಮ್ಮ ಮುಂದೆ ಒಂದು ದೊಡ್ಡ ಪುಸ್ತಕ ತೆರೆದುಕೊಂಡಿತು, ಓದಲು ಬಾರದಿದ್ದರೂ ಅದರ ಮಾತುಗಳೆಲ್ಲ ತಿಳಿದವು ಅಂತ ಅವರು ಮುಂದೆ ಹೇಳಿಕೊಂಡಿದ್ದಾರೆ. ಆಮೇಲೆ ಊರಿನವರು ಹುಡುಕಿಕೊಂಡು ಬರತೊಡಗಿದರು.

ಜಾಗರಣೆಯ ಕಟ್ಟುಪಾಡು

ಆ ಪೂಜೆಗೆ ಸ್ಪ್ಯಾನಿಷಿನಲ್ಲಿ ವೆಲಾಡಾ ಅನ್ನುತ್ತಾರೆ. ನಮ್ಮ ಜಾಗರಣೆ ಅನ್ನುವ ಪದವೇ ಅದಕ್ಕೆ ಸರಿಹೊಂದುತ್ತದೆ. ಅದು ಹೇಗೆ ನಡೆಯುತ್ತಿತ್ತು ಅಂತ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲನೆಯದು, ಕಾರಣ ಬೇಕು. ಮನೆಯಲ್ಲಿ ಯಾರಿಗೋ ಕಾಯಿಲೆ, ಅಥವಾ ಬಗೆಹರಿಯದ ಕಷ್ಟ. ಸುಮ್ಮನೆ ನೋಡೋಣ ಅಂತ ಬಂದವರಿಗಲ್ಲ. ಎರಡನೆಯದು, ತಯಾರಿ. ಹಿಂದೆ ಮುಂದೆ ಕೆಲವು ದಿನ ಗಂಡಹೆಂಡಿರ ಸಂಗ ಬಿಡಬೇಕು. ಮೂರನೆಯದು, ಜಾಗ ಮತ್ತು ಜನ. ಪರಿಚಿತ ಮನೆ, ದೇವರ ಪಟದ ಮುಂದೆ ಮೇಣದಬತ್ತಿ, ಕೊಪಾಲ್ ಅನ್ನುವ ಮರದ ಅಂಟಿನ ಧೂಪ, ಸುತ್ತ ಮನೆಯವರು. ಕಾಯಿಲೆಯವರು ಅಪರಿಚಿತರ ಮಧ್ಯೆ ಒಂಟಿಯಾಗಿ ಇರುವುದಿಲ್ಲ. ನಾಲ್ಕನೆಯದು, ಅಳತೆ. ಅಣಬೆಯನ್ನು ಜೋಡಿ ಜೋಡಿಯಾಗಿ ಎಣಿಸಿ ಒಬ್ಬೊಬ್ಬರಿಗೆ ಇಷ್ಟು ಅಂತ ಕೊಡುತ್ತಿದ್ದರು. ಆಮೇಲೆ ದೀಪ ಆರಿಸಿ, ಕತ್ತಲೆಯಲ್ಲಿ ಬೆಳಗಿನವರೆಗೆ ಹಾಡು, ಚಪ್ಪಾಳೆ, ಪ್ರಾರ್ಥನೆ. ಬಲ್ಲವರು ಎದ್ದು ಹೋಗುವಂತಿಲ್ಲ, ಮಲಗುವಂತಿಲ್ಲ. ದುಡ್ಡಿಗೆ ದರ ನಿಗದಿ ಇರಲಿಲ್ಲ, ಕೊಟ್ಟಷ್ಟು ತೆಗೆದುಕೊಳ್ಳುವುದು.

ಹಾಗಂತ ಎಲ್ಲವೂ ಸರಿಯಿತ್ತು ಅಂತ ನಾವು ಹೇಳುತ್ತಿಲ್ಲ. ಸಬೀನಾ ತಾವೂ ಅಣಬೆ ತಿನ್ನುತ್ತಿದ್ದರು, ಅದೂ ಬಂದವರಿಗಿಂತ ಹೆಚ್ಚು. ಇಂದಿನ ಯಾವ ನಿಯಮವೂ ಅದನ್ನು ಒಪ್ಪುವುದಿಲ್ಲ. ಕಾಯುವವರ ತಲೆ ತಿಳಿಯಾಗಿರಬೇಕು. ಆಸ್ಪತ್ರೆಗೆ ಹೋಗಬೇಕಾದ ಕಾಯಿಲೆಗೂ ಅಣಬೆಯೇ ಗತಿಯಾಗಿದ್ದ ಊರು ಅದು. 1958ರ ಒಂದು ಜಾಗರಣೆಯ ಧ್ವನಿಮುದ್ರಣ ಇದೆ. ಅದರಲ್ಲಿದ್ದ ಹದಿಹರೆಯದ ರೋಗಿ ಉಳಿಯುವುದಿಲ್ಲ ಅಂತ ಸಬೀನಾ ಅವನಿಗೇ ಕೇಳುವಂತೆ ತಿಳಿಸಿದರು. ಹುಡುಗ ಸ್ವಲ್ಪ ದಿನಕ್ಕೇ ತೀರಿಕೊಂಡ. ಮನಸ್ಸು ಅಷ್ಟು ಮೆತ್ತಗಿರುವ ಹೊತ್ತಿನಲ್ಲಿ ಕೇಳಿಸಿಕೊಂಡ ಮಾತು ಎಷ್ಟು ಆಳಕ್ಕೆ ಇಳಿಯಬಹುದು ಅಂತ ಯೋಚಿಸಿದರೆ ಮೈ ಜುಂ ಅನ್ನುತ್ತದೆ. ಬಲ್ಲವರ ಕೈಯಲ್ಲೂ ಇದು ಅಪಾಯದ ಕೆಲಸವೇ.

ನ್ಯೂಯಾರ್ಕಿನಿಂದ ಬಂದ ಬ್ಯಾಂಕಿನವರು

ರಾಬರ್ಟ್ ಗಾರ್ಡನ್ ವಾಸನ್ ನ್ಯೂಯಾರ್ಕಿನ ಜೆ.ಪಿ. ಮಾರ್ಗನ್ ಬ್ಯಾಂಕಿನ ಉಪಾಧ್ಯಕ್ಷ. ಹೆಂಡತಿ ವಾಲೆಂಟೀನಾ ರಷ್ಯಾ ಮೂಲದ ಮಕ್ಕಳ ವೈದ್ಯೆ. ಅಣಬೆಗಳ ಇತಿಹಾಸ ಕೆದಕುವುದು ಇಬ್ಬರಿಗೂ ಹುಚ್ಚು. 1953ರಲ್ಲಿ ಅವರು ಮೊದಲ ಸಲ ವಾವ್ಟ್ಲಾಗೆ ಬಂದರು. ಸುಮ್ಮನೆ ಕೇಳಿದರೆ ಯಾರೂ ಜಾಗರಣೆ ನಡೆಸುವುದಿಲ್ಲ ಅಂತ ಗೊತ್ತಾಯಿತು. ದೂರದಲ್ಲಿರುವ ಮಗನ ಚಿಂತೆ ಕಾಡುತ್ತಿದೆ ಅಂತ ನೆಪ ಹೇಳಿ, ಬೇರೊಬ್ಬ ವೈದ್ಯನ ಕೈಯಲ್ಲಿ ಒಂದು ಜಾಗರಣೆ ಮಾಡಿಸಿ ನೋಡಿದರು. ಆಗ ಅಣಬೆ ತಿನ್ನುವ ಅವಕಾಶ ಸಿಗಲಿಲ್ಲ.

1955ರಲ್ಲಿ ವಾಸನ್ ಮತ್ತೆ ಬಂದರು, ಜೊತೆಗೆ ಫೋಟೋಗ್ರಾಫರ್ ಆಲನ್ ರಿಚರ್ಡ್‌ಸನ್. ಈ ಸಲ ನೇರ ಊರಾಡಳಿತದ ಅಧಿಕಾರಿ ಕಾಯೆತಾನೊ ಗಾರ್ಸಿಯಾ ಅವರನ್ನು ಹಿಡಿದರು. ಅಧಿಕಾರಿ ಸಬೀನಾಗೆ ಹೇಳಿಕಳಿಸಿದರು. ಜೂನ್ 29ರ ರಾತ್ರಿ ಆ ಅಧಿಕಾರಿಯ ಮನೆಯಲ್ಲೇ ಜಾಗರಣೆ. ಇಬ್ಬರು ಅಮೆರಿಕನ್ನರಿಗೆ ಆರಾರು ಜೋಡಿ ಅಣಬೆ, ಸಬೀನಾಗೆ ಹದಿಮೂರು ಜೋಡಿ. ಊರಾಳುವವರು ಕೇಳಿದಾಗ ಇಲ್ಲ ಅನ್ನಲಾಗಲಿಲ್ಲ ಅನ್ನುವ ಅರ್ಥದಲ್ಲಿ ಸಬೀನಾ ವರ್ಷಗಳ ನಂತರ ನೆನಪಿಸಿಕೊಂಡರು. ವಾಸನ್ ಬಳಗಕ್ಕೆ ಯಾವ ಕಾಯಿಲೆಯೂ ಇರಲಿಲ್ಲ, ದೇವರನ್ನು ಹುಡುಕಿಕೊಂಡು ಬಂದಿದ್ದರು, ಅದಕ್ಕೂ ಮೊದಲು ಯಾರೂ ಹಾಗೆ ಬಂದಿರಲಿಲ್ಲ ಅಂತಲೂ ಅವರಿಗೆ ಅನಿಸಿತ್ತು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಒಪ್ಪಿಗೆ ಅನ್ನುವುದು ಹೂಂ ಅಂದ ಮಾತ್ರಕ್ಕೆ ಮುಗಿಯುವುದಿಲ್ಲ. ಊಹೂಂ ಅನ್ನುವುದಕ್ಕೆ ದಾರಿ ಇತ್ತಾ ಅಂತಲೂ ನೋಡಬೇಕು. ಕೇಳಿದವರು ಅಧಿಕಾರಿ, ಉತ್ತರಿಸಬೇಕಾದವರು ಬಡ ವಿಧವೆ. ಇನ್ನೊಂದು ಕಡೆ, ಏನಕ್ಕೆ ಒಪ್ಪುತ್ತಿದ್ದೇನೆ ಅನ್ನುವುದೂ ಸಬೀನಾಗೆ ಪೂರ್ತಿ ಗೊತ್ತಿರಲಿಲ್ಲ. ಫೋಟೋ ತೆಗೆಯಲು ಬಿಟ್ಟಿದ್ದೇನೋ ನಿಜ. ಆದರೆ ತೀರಾ ನಂಬಿಕೆಯವರಿಗೆ ಬಿಟ್ಟು ಯಾರಿಗೂ ತೋರಿಸಬಾರದು ಅನ್ನುವುದು ಅವರ ಷರತ್ತಾಗಿತ್ತು.

1957ರ ಮೇ 13ರ ಲೈಫ್ ಪತ್ರಿಕೆಯಲ್ಲಿ ವಾಸನ್ ಲೇಖನ ಬಂತು. ಲಕ್ಷಗಟ್ಟಲೆ ಪ್ರತಿ ಮಾರಾಟವಾಗುತ್ತಿದ್ದ ಪತ್ರಿಕೆ ಅದು. ಪುಟದ ತುಂಬ ಬಣ್ಣದ ಫೋಟೋಗಳು. ಸಬೀನಾ ಹೆಸರನ್ನು ಎವಾ ಮೆಂಡೆಸ್ ಅಂತ ಬದಲಿಸಿದ್ದರು, ಬುಡಕಟ್ಟಿನ ಹೆಸರನ್ನೂ ಮರೆಮಾಚಿದ್ದರು. ಆದರೆ ಮುಖ ಅಲ್ಲೇ ಇತ್ತಲ್ಲ. ಅದೇ ವರ್ಷ ಬಂದ ವಾಸನ್ ದಂಪತಿಯ ದೊಡ್ಡ ಪುಸ್ತಕದಲ್ಲಿ ಊರಿನ ಗುಟ್ಟೂ ಬಿಟ್ಟುಹೋಯಿತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಹೆಸರು ಅಳಿಸಿ ಡೇಟಾ ಹೊರಗೆ ಬಿಟ್ಟಿದ್ದರು. ಉಳಿದಿದ್ದನ್ನು ಜೋಡಿಸಿ ಜನ ಪತ್ತೆ ಹಚ್ಚಿದರು.

ಹಿಂದೆ ಬಂದವರು

1956ರಲ್ಲೇ ವಾಸನ್ ತಂಡದಲ್ಲಿ ಜೇಮ್ಸ್ ಮೂರ್ ಅನ್ನುವ ರಸಾಯನಶಾಸ್ತ್ರಜ್ಞ ಸೇರಿಕೊಂಡಿದ್ದ. ಅವನ ಹಿಂದೆ ಇದ್ದದ್ದು ಸಿಐಎ. ಮನುಷ್ಯರ ಮನಸ್ಸನ್ನು ಔಷಧದಿಂದ ಹಿಡಿತಕ್ಕೆ ತರಬಹುದಾ ಅಂತ ನೋಡುತ್ತಿದ್ದ ಎಂಕೆ-ಅಲ್ಟ್ರಾ ಯೋಜನೆಯ ಹಣ ಅದು. ವಾಸನ್‌ಗೇ ಇದು ಗೊತ್ತಿರಲಿಲ್ಲ. ಮೋಸದ ನೆಪ ಹೇಳಿ ಒಳಗೆ ಬಂದವರ ಹಿಂದೆಯೇ ಇನ್ನೂ ದೊಡ್ಡ ಮೋಸ ನುಗ್ಗಿತ್ತು.

ಫ್ರಾನ್ಸಿನ ಅಣಬೆ ತಜ್ಞ ರೋಜರ್ ಹೈಮ್ ಈ ಅಣಬೆಗಳನ್ನು ಪ್ರಯೋಗಾಲಯದಲ್ಲಿ ಬೆಳೆದರು. 1958ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಸ್ಯಾಂಡೋಜ್ ಕಂಪನಿಯಲ್ಲಿ ಆಲ್ಬರ್ಟ್ ಹಾಫ್‌ಮನ್ ಸಿಲೊಸೈಬಿನ್ ಬೇರ್ಪಡಿಸಿದರು. 1962ರಲ್ಲಿ ಹಾಫ್‌ಮನ್ ತಾವೇ ವಾಸನ್ ಜೊತೆ ವಾವ್ಟ್ಲಾಗೆ ಹೋಗಿ ಸಬೀನಾಗೆ ಆ ಮಾತ್ರೆ ಕೊಟ್ಟರು. ಒಂದು ಇಡೀ ರಾತ್ರಿ ಪರೀಕ್ಷಿಸಿದ ಮೇಲೆ ಅಜ್ಜಿ, ಅಣಬೆಗೂ ಇದಕ್ಕೂ ವ್ಯತ್ಯಾಸವಿಲ್ಲ ಅಂತ ಒಪ್ಪಿದರು. ಮಳೆಗಾಲವಲ್ಲದ ದಿನಗಳಲ್ಲೂ ಜನರಿಗೆ ನೆರವಾಗಬಹುದು ಅಂತ ಮಾತ್ರೆಯ ಸೀಸೆ ಇಟ್ಟುಕೊಂಡು ಸಂತೋಷಪಟ್ಟರು. ಇಡೀ ಕಥೆಯಲ್ಲಿ ಹೊರಗಿನವರು ತಾವು ಒಯ್ದಿದ್ದನ್ನು ವಾಪಸ್ ತಂದು ತೋರಿಸಿದ ಅಪರೂಪದ ಪ್ರಸಂಗ ಇದು.

ಲೈಫ್ ಲೇಖನದ ಅಲೆ ಅಮೆರಿಕದಲ್ಲಿ ಬೇರೆಯೇ ದಾರಿ ಹಿಡಿಯಿತು. ಹಾರ್ವರ್ಡಿನ ಮನಶ್ಶಾಸ್ತ್ರಜ್ಞ ತಿಮೋತಿ ಲಿಯರಿ 1960ರಲ್ಲಿ ಮೆಕ್ಸಿಕೋದ ಕ್ವೆರ್ನವಾಕಾದಲ್ಲಿ ಅಣಬೆ ತಿಂದು, ವಾಪಸ್ ಹೋಗಿ ಸಿಲೊಸೈಬಿನ್ ಸಂಶೋಧನೆ ಶುರುಮಾಡಿದರು. ಪ್ರಯೋಗ ನಡೆಸುವವರೇ ಪ್ರಯೋಗಕ್ಕೆ ಬಂದವರ ಜೊತೆ ಔಷಧ ತೆಗೆದುಕೊಳ್ಳುತ್ತಾರೆ ಅಂತ ದೂರುಗಳು ಎದ್ದವು. ಪದವಿ ವಿದ್ಯಾರ್ಥಿಗಳಿಗೆ ಕೊಡಬಾರದು ಅಂತ ವಿಶ್ವವಿದ್ಯಾಲಯದ ಜೊತೆ ಒಪ್ಪಂದವಿದ್ದರೂ, ಸಹೋದ್ಯೋಗಿ ರಿಚರ್ಡ್ ಆಲ್ಪರ್ಟ್ ಒಬ್ಬ ವಿದ್ಯಾರ್ಥಿಗೆ ಕೊಟ್ಟರು. 1963ರಲ್ಲಿ ಇಬ್ಬರೂ ಕೆಲಸ ಕಳೆದುಕೊಂಡರು. ಪಾಠ ಹೇಳುವವರು ತಮ್ಮ ವಿದ್ಯಾರ್ಥಿಗೆ ಮನಸ್ಸು ಕದಲಿಸುವ ಔಷಧ ಕೊಡುವುದು ಯಾಕೆ ತಪ್ಪು ಅಂತ ಕಾಲೇಜಿನಲ್ಲಿರುವ ನಮಗೆ ಬಿಡಿಸಿ ಹೇಳಬೇಕಿಲ್ಲ. ಅಂಕ ಕೊಡುವವರಿಗೆ ಯಾರು ತಾನೇ ಆಗಲ್ಲ ಅಂತಾರೆ?

ಇತ್ತ ವಾವ್ಟ್ಲಾಗೆ ಅರವತ್ತರ ದಶಕದಲ್ಲಿ ದಂಡು ದಂಡಾಗಿ ಯುವಕರು ಬಂದರು. ಹಗಲಲ್ಲೇ, ಬೀದಿಯಲ್ಲೇ, ಲೆಕ್ಕವಿಲ್ಲದೆ ಅಣಬೆ ತಿಂದರು. ಜಾಗರಣೆಯ ಒಂದು ಕಟ್ಟೂ ಉಳಿಯಲಿಲ್ಲ. 1969ರಲ್ಲಿ ಮೆಕ್ಸಿಕೋ ಸರ್ಕಾರ ಸೇನೆ ಕಳಿಸಿ ಹೊರಗಿನವರು ಬರದಂತೆ ರಸ್ತೆಗೆ ತಡೆ ಹಾಕಿತು. ಪೊಲೀಸರು ಸಬೀನಾರನ್ನೂ ಹಿಡಿದು, ವಿಚಾರಿಸಿ, ಬಿಟ್ಟರು. ಅವರ ಮನೆಗೆ ಯಾರೋ ಬೆಂಕಿ ಹಚ್ಚಿದರು. ಊರಿನ ಗುಟ್ಟನ್ನು ಪರದೇಶಿಗಳಿಗೆ ಬಿಟ್ಟುಕೊಟ್ಟಳು ಅನ್ನುವ ಸಿಟ್ಟಿಗೆ ಅಂತ ಕೆಲವರು ಆಡಿಕೊಂಡರು. ತಪ್ಪು ಯಾರದ್ದು, ಸುಟ್ಟಿದ್ದು ಯಾರ ಮನೆ, ನೋಡಿ.

ವಾವ್ಟ್ಲಾದವರೇ ಆದ ಆಲ್ವರೊ ಎಸ್ತ್ರಾದಾ ಎಪ್ಪತ್ತರ ದಶಕದಲ್ಲಿ ಅಜ್ಜಿಯ ಮುಂದೆ ಕೂತು ಮಸಾಟೆಕ್ ಭಾಷೆಯಲ್ಲೇ ಅವರ ಕಥೆ ಕೇಳಿಸಿಕೊಂಡು, ಸ್ಪ್ಯಾನಿಷಿಗೆ ತಂದು, 1977ರಲ್ಲಿ ಪುಸ್ತಕ ಮಾಡಿದರು. ಹೊರಗಿನವರು ಬಂದ ಮೇಲೆ ಅಣಬೆಗಳು ಶಕ್ತಿ ಕಳೆದುಕೊಂಡವು, ಇನ್ನು ಏನು ಮಾಡಿದರೂ ಅದು ಮರಳುವುದಿಲ್ಲ ಅನ್ನುವ ಕೊರಗು ಅದರಲ್ಲಿದೆ. ವಾಸನ್ ಕೂಡ ವಯಸ್ಸಾದ ಮೇಲೆ, ತಮ್ಮಿಂದಲೇ ಆ ಪರಂಪರೆ ಹಾಳಾಯಿತು ಅಂತ ಪಶ್ಚಾತ್ತಾಪಪಟ್ಟು ಬರೆದರು. ಜಗತ್ತಿನ ತುಂಬ ಹೆಸರಾದ ಸಬೀನಾ 1985ರ ನವೆಂಬರ್ 22ರಂದು ಒಆಹಾಕಾ ನಗರದ ಆಸ್ಪತ್ರೆಯಲ್ಲಿ ಬಡವರಾಗಿಯೇ ತೀರಿಕೊಂಡರು.

ಈಗ ಏನು?

ಒರೆಗಾನ್‌ನಲ್ಲಿ 2020ರಲ್ಲಿ ಜನಮತದಿಂದ ಕಾನೂನು ಬಂತು, 2023ರಿಂದ ಸಿಲೊಸೈಬಿನ್ ಕೇಂದ್ರಗಳು ನಡೆಯುತ್ತಿವೆ. ಅಲ್ಲಿ ಜೊತೆಗಿರುವವರು ತರಬೇತಿ ಪಡೆದು, ಪರವಾನಗಿ ತೆಗೆದುಕೊಂಡಿರಬೇಕು. ಔಷಧಕ್ಕೆ ಮೊದಲು ತಯಾರಿಯ ಭೇಟಿ ಕಡ್ಡಾಯ. ಹಿಂದಿನ ಮೂವತ್ತು ದಿನದಲ್ಲಿ ಲಿಥಿಯಂ ತೆಗೆದುಕೊಂಡವರಿಗೆ, ಸೈಕೋಸಿಸ್ ಬಂದಿದ್ದವರಿಗೆ ಅವಕಾಶವಿಲ್ಲ. ಮುಗಿಯುವವರೆಗೂ ಬಿಟ್ಟು ಹೋಗುವಂತಿಲ್ಲ. ಮೈ ಮುಟ್ಟುವುದಿದ್ದರೆ ಔಷಧಕ್ಕೆ ಮೊದಲೇ, ತಲೆ ತಿಳಿಯಾಗಿದ್ದಾಗಲೇ ಒಪ್ಪಿಗೆ ಆಗಿರಬೇಕು. ಲೈಂಗಿಕ ಸಂಬಂಧವಂತೂ ಇಲ್ಲವೇ ಇಲ್ಲ. ಆಮೇಲೆ ಕೂತು ಮಾತಾಡುವ ಭೇಟಿಯ ಅವಕಾಶವನ್ನೂ ಕೊಡಬೇಕು. ಕಾರಣ, ತಯಾರಿ, ಜಾಗ, ಅಳತೆ, ಎಚ್ಚರ. ಇವುಗಳಲ್ಲಿ ಎಷ್ಟನ್ನು ಅಜ್ಜಿ ಆಗಲೇ ಮಾಡುತ್ತಿದ್ದರು ಅಂತ ಎಣಿಸಿ ನೋಡಿ.

ನಿಯಮವಿದ್ದರೂ ಸಾಲದು ಅನ್ನುವುದಕ್ಕೂ ಉದಾಹರಣೆ ಇದೆ. ಕೆನಡಾದಲ್ಲಿ ಎಂಡಿಎಂಎ ಔಷಧದ ಪ್ರಯೋಗವೊಂದರಲ್ಲಿ ಚಿಕಿತ್ಸಕರೇ ರೋಗಿಯ ಜೊತೆ ಹದ್ದು ಮೀರಿ ನಡೆದುಕೊಂಡಿದ್ದು ಕ್ಯಾಮೆರಾದಲ್ಲಿ ದಾಖಲಾಗಿತ್ತು. 2024ರ ಆಗಸ್ಟಿನಲ್ಲಿ ಸೈಕೋಫಾರ್ಮಕಾಲಜಿ ಪತ್ರಿಕೆ ಇಂಥ ನೀತಿಭಂಗದ ಕಾರಣ ಕೊಟ್ಟು ಎಂಡಿಎಂಎ ಕುರಿತ ಮೂರು ಪ್ರಬಂಧಗಳನ್ನು ಹಿಂದಕ್ಕೆ ಪಡೆಯಿತು. ಅಲ್ಲಿ ಕ್ಯಾಮೆರಾ ಇತ್ತು, ನೀತಿ ಸಮಿತಿ ಇತ್ತು. ಪರವಾನಗಿಯಾಗಲಿ ಮೇಲ್ವಿಚಾರಣೆಯಾಗಲಿ ಇಲ್ಲದ ಕೋಚ್ ಹತ್ತಿರ ಏನಿರುತ್ತದೆ? ಡಾಕ್ಟರು ತಪ್ಪು ಮಾಡಿದರೆ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ಕೋಚ್ ಅನ್ನುವುದು ಯಾರು ಬೇಕಾದರೂ ಹಾಕಿಕೊಳ್ಳಬಹುದಾದ ಬೋರ್ಡು.

ನಮ್ಮ ದೇಶದಲ್ಲಂತೂ ಸಿಲೊಸೈಬಿನ್, ಎಲ್‌ಎಸ್‌ಡಿ, ಎಂಡಿಎಂಎ ಮೂರೂ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಬರುತ್ತವೆ. ಆ ಕಾಯ್ದೆ ಜಾರಿಗೆ ಬಂದದ್ದು ಸಬೀನಾ ತೀರಿಕೊಳ್ಳುವುದಕ್ಕೆ ಎಂಟು ದಿನ ಮೊದಲು. ಕಾನೂನು ಒಪ್ಪದ ಕಡೆ ಇನ್ನೊಂದು ತೊಂದರೆಯೂ ಇದೆ. ರಾತ್ರಿ ಯಾರಾದರೂ ದಿಕ್ಕೆಟ್ಟು ಓಡಿದರೆ, ಎದೆ ಹಿಡಿದುಕೊಂಡರೆ, ಕರೆದುಕೊಂಡು ಹೋದವರೇ ಪೊಲೀಸರ ಹೆದರಿಕೆಗೆ ಆಂಬ್ಯುಲೆನ್ಸ್ ಕರೆಯಲು ಹಿಂದೆಮುಂದೆ ನೋಡುತ್ತಾರೆ. ಜೀವ ಹೋಗುವುದು ಅಂಥ ಗಳಿಗೆಯಲ್ಲಿ.

ಆ ಜಾಹೀರಾತು ಬಂದ ಗೆಳೆಯರು ಹೋಗಲಿಲ್ಲ. ಅವರಿಗೆ ನಿಜಕ್ಕೂ ಬೇಕಿದ್ದದ್ದು ಬ್ಯಾಕ್‌ಲಾಗ್ ವಿಷಯಗಳ ಬಗ್ಗೆ, ಮನೆಯ ಸಾಲದ ಬಗ್ಗೆ ಕೂತು ಕೇಳಿಸಿಕೊಳ್ಳುವ ಒಬ್ಬರು. ಅದು ನಮಗೆ ಆ ಜಾಹೀರಾತಿನಿಂದಲೇ ಗೊತ್ತಾಗಬೇಕಾಯಿತು ಅನ್ನುವುದು ನಮ್ಮ ತಪ್ಪು. ನಿಮಗೂ ಹಾಗೆ ಅನಿಸುತ್ತಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಬೆಂಗಳೂರಿನ ನಿಮ್ಹಾನ್ಸ್ ಬೆಂಬಲದಿಂದ ನಡೆಯುವ ಸರ್ಕಾರಿ ಸೇವೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಡುರಾತ್ರಿಯಲ್ಲೂ ಅಲ್ಲಿ ಒಬ್ಬರು ಎಚ್ಚರ ಇರುತ್ತಾರೆ.